ನೆರಳು ಅಡಗುವ ದಿನ

ಏಪ್ರಿಲ್ 22ರ ಬೆಳಿಗ್ಗೆ ಏಳು ಗಂಟೆಗೇ ಮೈಸೂರಿನ ಆ ಮನೆಯ ತಾರಸಿಯಲ್ಲಿ ಕೆಲಸ ಶುರುವಾಗಿತ್ತು. ಒದ್ದೆ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ದೊಡ್ಡಮ್ಮ ಸಬ್ಬಕ್ಕಿ ಸಂಡಿಗೆ ಇಡುತ್ತಿದ್ದರು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಪಕ್ಕದಲ್ಲಿ ಚಮಚ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಅಂಕಿ ಅಂಶಗಳ ಕೆಲಸ, ವಾಸ ನಾಲ್ಕನೇ ಮಹಡಿಯ ಪಿಜಿ ಕೋಣೆ. ಗೆಳತಿಯರ ಜೊತೆ ಬೆಟ್ಟದ ಊರಿಗೆ ಹೋಗಲೆಂದು ರಜೆ ಹಾಕಿದ್ದಳು. ಅಲ್ಲಿ ಕೋಣೆ ಸಿಗದೆ ಪ್ರವಾಸ ನಿಂತಿತು, ರಜೆ ಉಳಿಯಿತು. ಹಾಗಾಗಿ ದೊಡ್ಡಮ್ಮನ ಮನೆಗೆ ಬಂದಿದ್ದಳು.

“ಇನ್ನೂ ನಾಲ್ಕು ದಿನ ರಜೆ ಇದೆ ದೊಡ್ಡಮ್ಮ. ಹೊಸದಾಗಿ ಏನಾದರೂ ಹವ್ಯಾಸ ಶುರು ಮಾಡೋಣ ಅಂತಿದ್ದೀನಿ. ಇಲ್ಲಿ ಹತ್ತಿರದಲ್ಲಿ ಯಾವುದಾದರೂ ಬೇಸಿಗೆ ಕ್ಲಾಸ್ ಇದೆಯಾ?”

“ಹಿಂದೆ ಶುರು ಮಾಡಿದ್ದು ಏನಾಯಿತು?”

“ಗಿಟಾರ್ ಕೊಂಡೆ, ಆರು ತಿಂಗಳಿಂದ ಚೀಲದಲ್ಲೇ ಇದೆ. ಜಲವರ್ಣದ ಡಬ್ಬಿ ಒಣಗಿಹೋಯಿತು. ಕ್ರೋಶಾ ಕಡ್ಡಿ ಎಲ್ಲಿದೆಯೋ ಗೊತ್ತಿಲ್ಲ.”

ದೊಡ್ಡಮ್ಮ ನಗಲಿಲ್ಲ. ಒಂದು ಸಾಲು ಸಂಡಿಗೆ ಮುಗಿಸಿ ಕೈ ಒರೆಸಿಕೊಂಡರು. “ಅವೆಲ್ಲ ವಿದ್ಯೆ ಕಣೇ. ಗುರು ಬೇಕು, ದಿನಾ ಒಂದು ಗಂಟೆ ಬೇಕು, ವರ್ಷಗಟ್ಟಲೆ ಕೂರಬೇಕು. ನಿನಗೆ ಆ ಒಂದು ಗಂಟೆ ಇರಲಿಲ್ಲ ಅಷ್ಟೆ. ದಿನದಲ್ಲಿ ಹೇಗೂ ಮಾಡೋ ಕೆಲಸಕ್ಕೆ ಅಂಟಿಕೊಂಡಿರೋ ಹವ್ಯಾಸಗಳು ಬೇರೆ. ಅದಕ್ಕೆ ಹೊತ್ತು ಹುಡುಕಬೇಕಾಗಿಲ್ಲ. ಈಗ ಸಂಡಿಗೆ ಇಡ್ತಿದ್ದೀಯಲ್ಲ, ಇದರಲ್ಲೇ ಒಂದು ಪ್ರಶ್ನೆ ಕೇಳು ನೋಡೋಣ.”

ಹುಡುಗಿ ಚಮಚದಲ್ಲಿದ್ದ ಅಂಟನ್ನು ನೋಡಿದಳು. ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರಿನಲ್ಲಿ ಬೇಯಿಸಿದ ಸಬ್ಬಕ್ಕಿ ಗಾಜಿನ ಮಣಿಗಳ ಹಾಗೆ ಪಾರದರ್ಶಕವಾಗಿತ್ತು. ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆರಸ ಬೆರೆತ ವಾಸನೆ ಬರುತ್ತಿತ್ತು.

“ಇಷ್ಟು ಸಣ್ಣ ಸಂಡಿಗೆ ಎಣ್ಣೆಗೆ ಹಾಕಿದರೆ ಯಾಕೆ ಅಷ್ಟು ದೊಡ್ಡದಾಗುತ್ತೆ?”

“ಒಳ್ಳೆ ಪ್ರಶ್ನೆ. ಸಬ್ಬಕ್ಕಿ ಅಂದರೆ ಬರೀ ಪಿಷ್ಟ. ನಮ್ಮ ಕಡೆ ಸಿಗೋದು ಮರಗೆಣಸಿನಿಂದ ಮಾಡಿದ್ದು, ಹೆಚ್ಚಿನದು ತಮಿಳುನಾಡಿನ ಸೇಲಂ ಕಡೆಯಿಂದ ಬರುತ್ತೆ. ಬೇಯಿಸಿದಾಗ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತೆ. ಬಿಸಿಲಲ್ಲಿ ಒಣಗಿದಾಗ ಗಟ್ಟಿಯಾಗುತ್ತೆ, ಆದರೆ ಒಳಗೆ ಚೂರು ತೇವ ಉಳಿದಿರುತ್ತೆ. ಕಾದ ಎಣ್ಣೆಗೆ ಬಿದ್ದ ಕೂಡಲೇ ಆ ತೇವ ಆವಿಯಾಗಿ ಹೊರಗೆ ಬರೋಕೆ ತಳ್ಳುತ್ತೆ. ಅಷ್ಟರಲ್ಲಿ ಪಿಷ್ಟ ಬಿಸಿಗೆ ಮೆತ್ತಗಾಗಿರುತ್ತೆ, ಉಬ್ಬಿಬಿಡುತ್ತೆ. ಸರಿಯಾಗಿ ಒಣಗದಿದ್ದರೆ ಎಣ್ಣೆ ಕುಡಿದು ಕಲ್ಲಾಗುತ್ತೆ.”

“ಹಾಗಾದರೆ ಎರಡು ದಿನ ಒಣಗಿಸಿದ್ದು, ಮೂರು ದಿನ ಒಣಗಿಸಿದ್ದು, ನಾಲ್ಕು ದಿನದ್ದು, ಬೇರೆ ಬೇರೆ ಕರಿದು ನೋಡಬಹುದಲ್ಲ?”

“ನೋಡು, ಹವ್ಯಾಸ ಶುರುವಾಯಿತು,” ಎಂದರು ದೊಡ್ಡಮ್ಮ.

ಸಂಡಿಗೆ ಮುಗಿದ ಮೇಲೆ ಅವರು ಒಳಗಿನಿಂದ ಉದ್ದನೆಯ ನೋಟ್‌ಬುಕ್ಕೊಂದನ್ನು ತಂದರು. ಹಳೆಯ ಕಿರಾಣಿ ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದಂಥ, ಕೆಂಪು ರಟ್ಟಿನ ಪುಸ್ತಕ. ದಿನಕ್ಕೊಂದು ಸಾಲು, ಎರಡು ಸಾಲು. ಹೊಂಗೆ ಚಿಗುರಿದ್ದು, ಮೊದಲ ಮಾವಿನಹಣ್ಣು ಮನೆಗೆ ಬಂದದ್ದು, ಕರೆಂಟ್ ಹೋದದ್ದು, ಆಲಿಕಲ್ಲು ಬಿದ್ದದ್ದು. ಕತೆಯಿಲ್ಲ, ಕವಿತೆಯಿಲ್ಲ. ಹುಡುಗಿ ಹಾಳೆ ತಿರುಗಿಸುತ್ತ ಒಂದು ಕಡೆ ನಿಂತಳು.

“‘ಅಡುಗೆಮನೆಯ ಉತ್ತರದ ಕಿಟಕಿಯಲ್ಲಿ ಬಿಸಿಲು ಬಂತು’ ಅಂತ ಪ್ರತಿ ಮೇ ತಿಂಗಳೂ ಬರೆದಿದ್ದೀರಿ. ಉತ್ತರದ ಕಿಟಕಿಗೆ ಬಿಸಿಲು ಹೇಗೆ ಬರುತ್ತೆ? ಸೂರ್ಯ ಇರೋದು ಪೂರ್ವ, ಪಶ್ಚಿಮದಲ್ಲಿ.”

“ಅದನ್ನ ನಾನು ಹೇಳಲ್ಲ, ಇವತ್ತು ಮಧ್ಯಾಹ್ನ ಸೂರ್ಯನೇ ತೋರಿಸ್ತಾನೆ. ಹನ್ನೆರಡು ಗಂಟೆಗೆ ಮೇಲೆ ಬಾ. ಟೋಪಿ ಹಾಕಿಕೋ, ನೀರು ಕುಡಿದು ಬಾ.”

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಇಬ್ಬರೂ ತಾರಸಿಗೆ ಬಂದರು. ದೊಡ್ಡಮ್ಮ ಒಂದು ಹಲಗೆ ಇಟ್ಟು, ಅದರ ಮೇಲೆ ಗೋಲಿ ಬಿಟ್ಟು ನೋಡಿ, ಗೋಲಿ ಯಾವ ಕಡೆಗೂ ಉರುಳದ ಹಾಗೆ ಕೆಳಗೆ ಕಾಗದದ ಮಡಿಕೆ ತುರುಕಿದರು. ಹಲಗೆಯ ನಡುವೆ ನೇರ ಮೈಯ ಸ್ಟೀಲ್ ಡಬ್ಬಿ ನಿಲ್ಲಿಸಿದರು. ಡಬ್ಬಿಯ ಪಕ್ಕದಲ್ಲಿ ಎಳೆಯ ಉಗುರಿನಷ್ಟು ನೆರಳು ಬಿದ್ದಿತ್ತು.

“ಹನ್ನೆರಡಕ್ಕೆ ನೆರಳು ಹೋಗುತ್ತೆ ಅಲ್ವಾ?”

“ಕಾದು ನೋಡು.”

ಹನ್ನೆರಡಾಯಿತು. ನೆರಳು ಹೋಗಲಿಲ್ಲ. ಹನ್ನೆರಡೂ ಐದು, ಹತ್ತು. ಹುಡುಗಿ ಫೋನ್ ತೆಗೆದು ಏನೋ ಗುಣಿಸಿದಳು. ಆಮೇಲೆ ಅವಳೇ ಹೇಳಿದಳು: “ಗೊತ್ತಾಯಿತು ದೊಡ್ಡಮ್ಮ. ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭೂಮಿಯ ವೇಗದ ಹೆಚ್ಚು ಕಡಿಮೆಗೆ ಒಂದೆರಡು ನಿಮಿಷ ಕಳೆದರೆ, ಇಲ್ಲಿ ನಡುಮಧ್ಯಾಹ್ನ ಆಗೋದು 12 ಗಂಟೆ 22 ನಿಮಿಷಕ್ಕೆ.”

12.22ಕ್ಕೆ ಡಬ್ಬಿಯ ಸುತ್ತ ನೆರಳೇ ಇರಲಿಲ್ಲ. ಸೂರ್ಯನ ಬೆಳಕು ಡಬ್ಬಿಯ ಮುಚ್ಚಳದ ಮೇಲೆ ನೆಟ್ಟಗೆ ಸುರಿಯುತ್ತಿತ್ತು. ಹುಡುಗಿ ಎದ್ದು ನಿಂತು ತನ್ನ ಕಾಲಬುಡ ನೋಡಿಕೊಂಡಳು. ಅವಳ ನೆರಳೂ ಪಾದದಡಿ ಅಡಗಿತ್ತು. ಕೈ ಚಾಚಿದಳು, ಕೈಯ ನೆರಳು ಮಾತ್ರ ನೆಲದ ಮೇಲೆ ಪಾದದ ಪಕ್ಕಕ್ಕೆ ಬಿತ್ತು. ಎರಡು ಮೂರು ನಿಮಿಷ ಯಾರೂ ಮಾತಾಡಲಿಲ್ಲ.

ಶೂನ್ಯ ನೆರಳಿನ ದಿನವೆಂದು ಹೇಳುವುದು ಇದನ್ನೇ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಸೂರ್ಯ ವರ್ಷಕ್ಕೊಮ್ಮೆ ಮಕರ ವೃತ್ತದಿಂದ ಕರ್ಕಾಟಕ ವೃತ್ತಕ್ಕೆ ಹೋಗಿ ಮರಳುವ ಹಾಗೆ ಕಾಣುತ್ತದೆ. ಆ ಎರಡರ ನಡುವೆ ಇರುವ ಪ್ರತಿ ಊರಿನ ನೆತ್ತಿಯ ಮೇಲೂ ಅದು ಎರಡು ಸಲ ಹಾದುಹೋಗುತ್ತದೆ. ಕರ್ನಾಟಕ ಪೂರ್ತಿ ಆ ಪಟ್ಟಿಯ ಒಳಗಿದೆ, ದೆಹಲಿ ಹೊರಗಿದೆ. ಹಾಗಾಗಿ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಅಂಗಳದಲ್ಲೂ ನಡೆಯುವ ಈ ಘಟನೆಯನ್ನು ದೆಹಲಿಯವರು ತಮ್ಮ ಊರಿನಲ್ಲಿ ಎಂದೂ ನೋಡಲಾರರು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದು ಇಂಥದೇ ನೆರಳಿನಿಂದ. ಈಜಿಪ್ಟಿನ ಸಯೀನ್ ಊರಿನಲ್ಲಿ ನಡುಮಧ್ಯಾಹ್ನ ನೆರಳು ಅಡಗುವ ದಿನ, ಉತ್ತರದ ಅಲೆಕ್ಸಾಂಡ್ರಿಯದಲ್ಲಿ ನೆರಳು ಎಷ್ಟು ವಾಲಿರುತ್ತದೆ ಎಂಬುದೇ ಅವನಿಗೆ ಬೇಕಾಗಿದ್ದ ಅಳತೆ.

“ಇವತ್ತೇ ನೋಡದಿದ್ದರೆ ತಪ್ಪಿಹೋಗ್ತಿತ್ತಾ?”

“ಇಲ್ಲ. ಒಂದೆರಡು ದಿನ ಆಚೀಚೆ ಆದರೂ ಒಂದು ಗೇಣುದ್ದದ ಡಬ್ಬಿಗೆ ಒಂದೆರಡು ಮಿಲಿಮೀಟರ್ ನೆರಳು ಬರಬಹುದು ಅಷ್ಟೆ. ಇನ್ನೂ ಮಜಾ ಏನು ಗೊತ್ತಾ? ನಿನ್ನೆವರೆಗೆ ನಡುಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳ್ತಿತ್ತು. ನಾಳೆಯಿಂದ ದಕ್ಷಿಣಕ್ಕೆ. ಆಗಸ್ಟ್ 20ರ ಸುಮಾರಿಗೆ ಸೂರ್ಯ ವಾಪಸು ಬಂದು ನೆತ್ತಿ ದಾಟೋ ತನಕ, ನಾಲ್ಕು ತಿಂಗಳು ಹಾಗೇ.”

ಹುಡುಗಿಗೆ ಹೊಳೆಯಿತು. “ಅಂದರೆ ಸೂರ್ಯ ನಮಗಿಂತ ಉತ್ತರಕ್ಕೆ ಹೋಗಿರ್ತಾನೆ. ಅದಕ್ಕೇ ಉತ್ತರದ ಕಿಟಕಿಗೆ ಬಿಸಿಲು!”

“ಅದೇ. ಇಪ್ಪತ್ತು ವರ್ಷ ಆ ಕಿಟಕಿ ಹತ್ತಿರ ಅನ್ನಕ್ಕೆ ಇಟ್ಟಿದ್ದೀನಿ. ಬರೆದಿಡೋಕೆ ಶುರು ಮಾಡಿದ ಮೇಲೇ ಇದು ನನ್ನ ಗಮನಕ್ಕೆ ಬಂದದ್ದು.”

ಕೆಳಗಿಳಿಯುವಾಗ ಹುಡುಗಿ ಇನ್ನೊಂದು ಕೇಳಿದಳು. ಸೂರ್ಯ ಆಗಸ್ಟ್‌ನಲ್ಲೂ ಇಷ್ಟೇ ನೆಟ್ಟಗೆ ಬರುವುದಾದರೆ ಆಗ ಯಾಕೆ ಈ ಸೆಕೆ ಇರುವುದಿಲ್ಲ? ಉತ್ತರ ಭಾರತದಲ್ಲಿ ಮೇ, ಜೂನ್ ಸುಡುವ ಹೊತ್ತಿಗೆ ಮೈಸೂರಿನಲ್ಲಿ ಯಾಕೆ ತಂಪು ಶುರುವಾಗಿರುತ್ತದೆ? ದೊಡ್ಡಮ್ಮನ ಉತ್ತರ ಸರಳವಾಗಿತ್ತು. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವಾಗ ಆಕಾಶ ಬರಿದು, ನೆಲ ಒಣಗಿರುತ್ತದೆ. ಆಗಸ್ಟ್‌ನಲ್ಲಿ ಅದೇ ಸೂರ್ಯ ಮುಂಗಾರಿನ ಮೋಡದ ಮೇಲೆ ಇರುತ್ತಾನೆ, ನೆಲ ನೆನೆದಿರುತ್ತದೆ. ಆಗ ಬಿಸಿಲು ನೆಲ ಮುಟ್ಟುವುದೇ ಕಡಿಮೆ. ಜೊತೆಗೆ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ.

ಊಟವಾದ ಮೇಲೆ ಹೊರಗೆ ಕಾಲಿಡುವಂತಿರಲಿಲ್ಲ. ದೊಡ್ಡಮ್ಮ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಯ ಚೌಕ ಬರೆದರು. ನಾಲ್ಕು ಕವಡೆ, ಎರಡು ಕಡೆಗೂ ನಾಲ್ಕು ನಾಲ್ಕು ಕಾಯಿ. ಒಬ್ಬರಿಗೆ ಹುಣಸೆಬೀಜ, ಇನ್ನೊಬ್ಬರಿಗೆ ಬಳೆಚೂರು.

“ಚೌಕಾಬಾರ! ಅಜ್ಜಿ ಮನೇಲಿ ಆಡಿದ್ದು ನೆನಪಿದೆ.”

“ಚೌಕ ಅಂದರೆ ನಾಲ್ಕೂ ಕವಡೆ ಅಂಗಾತ, ನಾಲ್ಕು. ಬಾರ ಅಂದರೆ ನಾಲ್ಕೂ ಬೋರಲು, ಎಂಟು. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು.”

ಕಾಯಿಗಳು ಹೊರಸುತ್ತು ಹತ್ತುವಾಗಲೇ ಹುಡುಗಿಯ ಕೆಲಸದ ಬುದ್ಧಿ ಎಚ್ಚರವಾಯಿತು. ನಾಲ್ಕು ಕವಡೆ ಬೀಳಬಹುದಾದ ರೀತಿ ಒಟ್ಟು ಹದಿನಾರು, ಎಂದು ಅವಳು ನೆಲದ ಮೇಲೇ ಲೆಕ್ಕ ಬರೆದಳು. ಒಂದು ಬೀಳುವುದು ನಾಲ್ಕು ರೀತಿ, ಎರಡು ಬೀಳುವುದು ಆರು ರೀತಿ, ಮೂರಕ್ಕೆ ನಾಲ್ಕು, ಚೌಕಕ್ಕೆ ಒಂದೇ ಒಂದು, ಬಾರಕ್ಕೂ ಒಂದೇ ಒಂದು.

“ಹದಿನಾರಕ್ಕೆ ಒಂದು ಸಲ ಬಾರ ಬೀಳಬೇಕು. ಆದರೆ ಹಾಗೆ ಬೀಳ್ತಾ ಇಲ್ಲ ದೊಡ್ಡಮ್ಮ.”

“ಕವಡೆ ನಾಣ್ಯ ಅಲ್ಲ ಕಣೇ. ಒಂದು ಕಡೆ ಬೆನ್ನು ಉಬ್ಬು, ಇನ್ನೊಂದು ಕಡೆ ಹೊಟ್ಟೆ ಚಪ್ಪಟೆ, ಸೀಳು ಬೇರೆ ಇದೆ. ಎರಡೂ ಕಡೆ ಸಮ ಬೀಳುತ್ತೆ ಅಂತ ನಿನಗೆ ಯಾರು ಹೇಳಿದ್ದು?”

ಪ್ರತಿ ಕವಡೆಯನ್ನೂ ನೂರು ಸಲ ಹಾಕಿ ಬರೆದಿಡಬೇಕು ಎಂದು ಹುಡುಗಿ ನಿರ್ಧರಿಸಿದಳು. ಆಟ ಅರ್ಧಕ್ಕೆ ನಿಂತಿತು. ಅದಕ್ಕೆ ದೊಡ್ಡಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಬದಲಿಗೆ ಅವಳು ಕೂತಿರುವುದು ಮಣೆಯಾಟಗಳ ಊರಿನಲ್ಲೇ ಎಂಬುದನ್ನು ನೆನಪಿಸಿದರು. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟ, ಗಂಜೀಫ ಎಲೆಯಾಟಗಳಲ್ಲಿ ಮುಳುಗಿ ಎದ್ದವರು. ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ‘ಕೌತುಕನಿಧಿ’ ಭಾಗದಲ್ಲಿ ಆಟಗಳ ವಿವರವಿದೆ. ಚದುರಂಗದ ಕುದುರೆ ಒಂದೇ ಮನೆಯನ್ನು ಎರಡು ಸಲ ಮೆಟ್ಟದೆ ಅರವತ್ತನಾಲ್ಕೂ ಮನೆ ಸುತ್ತಿಬರುವ ಸಮಸ್ಯೆಗೆ ಅವರು ಬಿಡಿಸಿಟ್ಟ ಉತ್ತರಗಳು ಗಣಿತ ಬಲ್ಲವರಿಗೆ ಇಂದಿಗೂ ಕುತೂಹಲದ ವಸ್ತು. ಅರಮನೆಯ ಆಟವಿರಲಿ, ಜಗಲಿಯ ಆಟವಿರಲಿ, ಅವು ನಾಡಿನ ಉದ್ದಗಲಕ್ಕೂ ಇವೆ. ಏಳೇಳು ಗುಳಿಯ ಎರಡು ಸಾಲಿನ ಅಳಗುಳಿಮಣೆ ಇಲ್ಲಿದ್ದರೆ, ತುಳುನಾಡಿನಲ್ಲಿ ಅದೇ ಚೆನ್ನೆಮಣೆ. ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಕೂತವರ ಆಟ ಅದು. ತಮಿಳರಿಗೆ ಪಲ್ಲಾಂಗುಳಿ. ಆಫ್ರಿಕದ ಹಲವು ದೇಶಗಳಲ್ಲೂ ಅದರ ನೆಂಟರಿದ್ದಾರೆ.

ನಾಲ್ಕು ಗಂಟೆಯ ಹೊತ್ತಿಗೆ ಕವಡೆಯ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟತೊಡಗಿತು. ಇಬ್ಬರೂ ಓಡಿ ಸಂಡಿಗೆಯ ಪಂಚೆಯನ್ನು ಒಳಗೆ ತಂದರು.

ಕಾಫಿ ಕುಡಿದು ಬೀದಿಗಿಳಿದಾಗ ಗಾಳಿ ತಣ್ಣಗಾಗಿತ್ತು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಅಗಲ ಬಾಯಿಯ ಮಣ್ಣಿನ ತಟ್ಟೆಯಿತ್ತು. ಅದರಲ್ಲಿ ಎರಡು ಬೆರಳಿನಷ್ಟು ಮಾತ್ರ ನೀರು, ನಡುವೆ ಒಂದು ಒರಟು ಕಲ್ಲು.

“ಇಷ್ಟು ಕಡಿಮೆ ನೀರು ಯಾಕೆ? ಒಂದು ಬಕೆಟ್ ಇಟ್ಟರೆ ಬೇಕಾದಷ್ಟು ಕುಡೀತಾವೆ.”

“ಬಕೆಟ್ಟಿಗೆ ಬಿದ್ದರೆ ಸಣ್ಣ ಹಕ್ಕಿ ಮೇಲೆ ಬರಲ್ಲ. ತಟ್ಟೆ ಆಳ ಇರಬಾರದು, ನುಣುಪಾಗಿಯೂ ಇರಬಾರದು. ಕಲ್ಲು ಇದ್ದರೆ ಜೇನುಹುಳ ಕೂಡ ಅದರ ಮೇಲೆ ಕೂತು ಕುಡಿಯುತ್ತೆ. ಮತ್ತೆ ದಿನಾ ನೀರು ಚೆಲ್ಲಿ, ಉಜ್ಜಿ, ಹೊಸದು ತುಂಬಬೇಕು. ವಾರ ಹತ್ತು ದಿನ ನಿಂತ ನೀರು ಸಾಕು, ಮೊಟ್ಟೆಯಿಂದ ಸೊಳ್ಳೆ ಹಾರಿಹೋಗಿರುತ್ತೆ.”

ಅಷ್ಟರಲ್ಲಿ ಮೇಲಿಂದ ಕೂಗು ಬಂತು. ಒಂದೊಂದು ಸಲಕ್ಕೂ ದನಿ ಏರುತ್ತ ಹೋಗುವ ಕೋಗಿಲೆಯ ಕೂಗು.

“ಎಷ್ಟು ಚೆನ್ನಾಗಿ ಹಾಡ್ತಾಳೆ!”

“ಹಾಡ್ತಾನೆ,” ಎಂದು ತಿದ್ದಿದರು ದೊಡ್ಡಮ್ಮ. “ಹಾಗೆ ಕೂಗೋದು ಕಪ್ಪು ಗಂಡು. ಹೆಣ್ಣು ಕಂದು ಬಣ್ಣ, ಮೈ ತುಂಬ ಬಿಳಿ ಚುಕ್ಕೆ. ಅದರ ದನಿ ಕಿಕ್ ಕಿಕ್ ಅಂತ ಗಡುಸು. ಈಗ ಕಾಗೆ ಗೂಡು ಕಟ್ಟೋ ಕಾಲ. ಕೋಗಿಲೆ ಮೊಟ್ಟೆ ಇಡೋದು ಕಾಗೆ ಗೂಡಲ್ಲೇ ಅಲ್ವಾ, ಅದಕ್ಕೇ ಇಬ್ಬರ ಗಲಾಟೆಯೂ ಒಟ್ಟಿಗೆ ಕೇಳಿಸುತ್ತೆ.”

ಬೀದಿಯ ಕೊನೆಯಲ್ಲಿ ಇನ್ನೊಂದು ದನಿ. ಕಂಚುಗಾರ ಸುತ್ತಿಗೆಯಿಂದ ಬಡಿದಂತೆ ಟುಕ್ ಟುಕ್ ಟುಕ್, ಬಿಡುವಿಲ್ಲದೆ. ಸ್ವಲ್ಪ ದೂರದ ಆಲದ ಮರದಿಂದ ಕುಟ್ರೂ ಕುಟ್ರೂ ಎಂಬ ಇನ್ನೊಂದು ಕೂಗು. ಎರಡೂ ಒಂದೇ ಹಕ್ಕಿಯದೆಂದು ದೊಡ್ಡಮ್ಮ ಹೇಳಿದರು. ಅವರ ಪುಸ್ತಕದಲ್ಲೂ ಹಾಗೇ ಬರೆದಿತ್ತು. ಹುಡುಗಿ ಫೋನಿನಲ್ಲಿ ಮರ್ಲಿನ್ ಎಂಬ ಆಪ್ ತೆರೆದಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಉಚಿತವಾಗಿ ಕೊಡುವ ಈ ಆಪ್ ದನಿ ಕೇಳಿ ಹಕ್ಕಿ ಯಾವುದಿರಬಹುದೆಂದು ಹೇಳುತ್ತದೆ. ತೆರೆಯ ಮೇಲೆ ಎರಡು ಬೇರೆ ಬೇರೆ ಚಿತ್ರ ಮೂಡಿದವು. ಟುಕ್ ಟುಕ್ ಎನ್ನುವುದು ಗುಬ್ಬಿಗಿಂತ ತುಸು ದೊಡ್ಡದಾದ, ಹಣೆಯ ಮೇಲೆ ಕುಂಕುಮದಂಥ ಕೆಂಪಿರುವ ಸಣ್ಣ ಜಾತಿ. ಕುಟ್ರೂ ಎನ್ನುವುದು ಕೆನ್ನೆ ಬಿಳಿಯಿರುವ ದೊಡ್ಡ ಹಸಿರು ಕುಟುರ.

“ಆಪ್ ತಪ್ಪು ಹೇಳೋದೂ ಇದೆ ದೊಡ್ಡಮ್ಮ. ಕಣ್ಣಿಗೆ ಕಂಡರೆ ಮಾತ್ರ ಖಾತ್ರಿ.”

ಇಬ್ಬರೂ ಆಲದ ಮರದ ಕೆಳಗೆ ಕತ್ತು ನೋಯುವವರೆಗೆ ನಿಂತರು. ಎಲೆಯ ಬಣ್ಣದಲ್ಲೇ ಬೆರೆತಿದ್ದ ಹಕ್ಕಿ ಕೊನೆಗೆ ಹಣ್ಣು ಕೀಳಲು ಕತ್ತು ಹೊರಳಿಸಿದಾಗ ಕೆನ್ನೆಯ ಬಿಳಿ ಕಂಡಿತು. ದೊಡ್ಡಮ್ಮನ ಮುಖದಲ್ಲಿ ಮೂಡಿದ ಸಂತೋಷ ಶಾಲೆಯ ಮಕ್ಕಳದ್ದೇ. ಇಷ್ಟು ವರ್ಷದ ತಪ್ಪನ್ನು ರಾತ್ರಿಯೇ ಪುಸ್ತಕದಲ್ಲಿ ತಿದ್ದುವುದಾಗಿ ಹೇಳಿದರು.

ಬೀದಿಯ ಮರಗಳ ಕತೆಯೂ ಹೀಗೇ ಬಿಚ್ಚಿಕೊಂಡಿತು. ಮೂಲೆಯ ಗುಲ್‌ಮೊಹರ್ ಕೆಂಪಗೆ ಹೊತ್ತಿಕೊಂಡಿತ್ತು. ನಮ್ಮದೆಂದೇ ಎಲ್ಲರೂ ಅಂದುಕೊಂಡಿರುವ ಈ ಮರದ ತವರು ಮಡಗಾಸ್ಕರ್ ದ್ವೀಪ. ನೀಲಿ ಜಕರಂಡ, ಅಗಲ ಕೊಡೆಯ ಮಳೆಮರ ಇವುಗಳ ತವರು ದಕ್ಷಿಣ ಅಮೆರಿಕ. ಹಳದಿ ಗೊಂಚಲು ಇಳಿಬಿಡುವ ಕಕ್ಕೆ, ನೆರಳಿಗೆ ಹೆಸರಾದ ಹೊಂಗೆ ನಮ್ಮ ನೆಲದವೇ. ಹೊಂಗೆಯ ಬೀಜದಿಂದ ದೀಪಕ್ಕೆ ಎಣ್ಣೆ, ಸೊಪ್ಪು ಗದ್ದೆಗೆ ಗೊಬ್ಬರ. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಜಾತಿಗಳನ್ನು ಆರಿಸಿ ನೆಡಿಸಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಜರ್ಮನಿಯವರು. 1893ರಲ್ಲಿ ಭಾರತಕ್ಕೆ ಬಂದು, 1908ರಿಂದ ಮೈಸೂರು ಸಂಸ್ಥಾನದ ತೋಟಗಳನ್ನು ನೋಡಿಕೊಂಡವರು.

“ಇದೆಲ್ಲ ನಿಮಗೆ ಸರಿ ದೊಡ್ಡಮ್ಮ,” ಎಂದಳು ಹುಡುಗಿ. ಅವಳ ದನಿ ಸ್ವಲ್ಪ ಬಿಗಿಯಾಗಿತ್ತು. “ನಿಮಗೆ ತಾರಸಿ ಇದೆ, ಬೀದಿ ತುಂಬ ಮರ ಇದೆ, ಹೊತ್ತಿದೆ. ನನ್ನ ಪಿಜಿಯಲ್ಲಿ ತಾರಸಿಗೆ ಬೀಗ. ಆಫೀಸಿಂದ ಬರುವಾಗ ಎಂಟು ಗಂಟೆ. ಭಾನುವಾರ ಬಟ್ಟೆ ಒಗೆಯೋದರಲ್ಲೇ ಮುಗಿಯುತ್ತೆ.”

ದೊಡ್ಡಮ್ಮ ಆ ಮಾತನ್ನು ತಳ್ಳಿಹಾಕಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದರು.

“ನಿನ್ನ ಕಿಟಕಿಯಿಂದ ಏನು ಕಾಣುತ್ತೆ?”

“ಎದುರು ಕಟ್ಟಡದ ಗೋಡೆ. ಸಂದಿಯಲ್ಲಿ ಒಂದು ಮರದ ತಲೆ.”

“ಯಾವ ಮರ?”

ಹುಡುಗಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ದಿನಾ ನೋಡಿದ ಮರ.

“ಅಲ್ಲಿಂದಲೇ ಶುರು ಮಾಡು. ಅದರ ಹೆಸರು ಹುಡುಕು. ವಾರಕ್ಕೊಂದು ದಿನ, ಹಲ್ಲುಜ್ಜುವಾಗ, ನೋಡಿ ಒಂದು ಸಾಲು ಬರೆ. ಎಲೆ ಉದುರಿದೆಯಾ, ಚಿಗುರಿದೆಯಾ, ಮೊಗ್ಗಿದೆಯಾ, ಕಾಯಿದೆಯಾ. ಅದಕ್ಕೆ ಎರಡು ನಿಮಿಷ ಸಾಕು. ತಾರಸಿ ಬೇಡ, ರಜೆ ಬೇಡ.”

ದೊಡ್ಡಮ್ಮ ಹೇಳಿದ್ದು ಒಬ್ಬರ ಮನಸ್ಸಂತೋಷಕ್ಕೆ ಮಾತ್ರ ಅಲ್ಲ. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ದೇಶದ ಶಾಲಾ ಮಕ್ಕಳು, ಗೃಹಿಣಿಯರು, ನಿವೃತ್ತರು ತಾವು ಆರಿಸಿಕೊಂಡ ಮರದ ವಾರದ ಸ್ಥಿತಿಯನ್ನು ಹೀಗೇ ಬರೆದು ಕಳಿಸುತ್ತಾರೆ. ಹವಾಮಾನ ಬದಲಾದಂತೆ ಮರಗಳು ಹೂಬಿಡುವ ಕಾಲ ಹಿಂದೆ ಮುಂದೆ ಸರಿಯುತ್ತಿದೆಯೇ ಎಂಬುದನ್ನು ವಿಜ್ಞಾನಿಗಳು ಅರಿಯಲು ಇಂಥ ಸಾಲುಗಳೇ ಆಧಾರ. ಹಕ್ಕಿಗಳ ಪಟ್ಟಿ ಕಳಿಸಲು 2002ರಲ್ಲಿ ಶುರುವಾದ ‘ಇ-ಬರ್ಡ್’ ಇದೆ. ಕನ್ನಡದಲ್ಲೇ ಓದಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ. ವೃತ್ತಿಯಿಂದ ಕೃಷಿಕರೂ ಬರಹಗಾರರೂ ಆಗಿದ್ದ ಅವರು ಹಕ್ಕಿಗಳ ಚಿತ್ರ ತೆಗೆದದ್ದೂ ಮೂಡಿಗೆರೆಯ ತಮ್ಮ ತೋಟ, ಸುತ್ತಲಿನ ಕಾಡುಮೇಡುಗಳಲ್ಲೇ.

ರಾತ್ರಿ ಹತ್ತಕ್ಕೆ ಗುಡುಗು. ದೊಡ್ಡಮ್ಮ ಮೊದಲೇ ತಾರಸಿಯ ನಡುವೆ, ಗೋಡೆಯಿಂದಲೂ ಮರದಿಂದಲೂ ದೂರವಾಗಿ, ನೇರ ಮೈಯ ಗಾಜಿನ ಜಾಡಿಯೊಂದನ್ನು ಇಟ್ಟಿಗೆಗಳ ನಡುವೆ ನಿಲ್ಲಿಸಿ ಬಂದಿದ್ದರು. ಕರೆಂಟ್ ಹೋಯಿತು. ಕಿಟಕಿಯಿಂದ ಮಣ್ಣಿನ ವಾಸನೆ ಬಂತು. ಮಾವಿನ ಕಾಯಿ ಬಲಿಯುವ ಹೊತ್ತಿಗೆ ಬೀಳುವ ಈ ಮಳೆಗೆ ಮಾವಿನ ಮಳೆ ಎಂದೇ ಹೆಸರು. ಪಂಚಾಂಗದ ಲೆಕ್ಕದಲ್ಲಿ ಅದು ಅಶ್ವಿನಿ ಮಳೆ. ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಕಾಯುವುದು ಅದನ್ನೇ.

ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಇಬ್ಬರೂ ಜಾಡಿಯ ಮುಂದೆ ಕೂತರು. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಅಳೆಯುವುದೂ ಬೆಳಗಿನ 8.30ಕ್ಕೇ. ಅದಕ್ಕೇ ದೊಡ್ಡಮ್ಮನೂ ಆ ಹೊತ್ತನ್ನೇ ಇಟ್ಟುಕೊಂಡಿದ್ದಾರೆ. ಸ್ಕೇಲ್ ಇಳಿಸಿದರೆ ನೀರು ಹದಿನಾಲ್ಕು ಮಿಲಿಮೀಟರ್.

“ಇದಕ್ಕಿಂತ ಅಗಲ ಬಾಯಿಯ ಪಾತ್ರೆ ಇಟ್ಟಿದ್ದರೆ ಜಾಸ್ತಿ ಬರ್ತಿತ್ತಲ್ಲ?”

“ನೀರು ಜಾಸ್ತಿ ಬೀಳ್ತಿತ್ತು, ಹರಡಿಕೊಳ್ಳೋಕೆ ಜಾಗವೂ ಜಾಸ್ತಿ ಇರ್ತಿತ್ತು. ಎತ್ತರ ಅಷ್ಟೇ. ಪಾತ್ರೆಯ ಮೈ ಮೇಲಿಂದ ಕೆಳಗೆ ನೇರ ಇರಬೇಕು ಅನ್ನೋದೊಂದೇ ನಿಯಮ. ಈಗ ನೀನು ಲೆಕ್ಕ ಹೇಳು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ನಮ್ಮ ತಾರಸಿ ಎಂಬತ್ತು ಚದರ ಮೀಟರ್.”

ಹುಡುಗಿ ಬಾಯಿಲೆಕ್ಕದಲ್ಲೇ ಹೇಳಿದಳು: “1,120 ಲೀಟರ್. ಒಂದೇ ರಾತ್ರಿಗೆ! ನಮ್ಮ ಪಿಜಿಗೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತಾರೆ.”

“ಮೈಸೂರಿಗೆ ವರ್ಷಕ್ಕೆ ಬೀಳೋದು ಸುಮಾರು 800 ಮಿಲಿಮೀಟರ್. ಆಗುಂಬೆಯಲ್ಲಿ 7,000 ದಾಟುತ್ತೆ. ನಮ್ಮ ತಾರಸಿಯ ಲೆಕ್ಕವನ್ನ ವರ್ಷಕ್ಕೆ ಹಾಕಿ ನೋಡು, 64,000 ಲೀಟರ್. ಅದನ್ನ ಬರೆದ ದಿನವೇ ಬಾವಿಗೆ ಮಳೆನೀರಿನ ಪೈಪು ಹಾಕಿಸಿದ್ದು ನಾನು.”

ಅಂದಿನ ಸಾಲನ್ನು ಬರೆಯಲು ದೊಡ್ಡಮ್ಮ ಪೆನ್ನನ್ನು ಹುಡುಗಿಯ ಕೈಗೆ ಕೊಟ್ಟರು. ಅವಳು ದಿನಾಂಕ ಹಾಕಿ, ಮಳೆ 14 ಮಿ.ಮೀ. ಎಂದು ಬರೆದಳು. ಕೆಳಗಿನ ಸಾಲಿನಲ್ಲಿ, ಕುಟುರ ಎರಡು ಬಗೆ, ಹಿಂದಿನದು ತಪ್ಪು, ಎಂದೂ ಸೇರಿಸಿದಳು. ಊರಿಗೆ ಹೊರಡುವ ದಿನ ಅವಳ ಚೀಲದಲ್ಲಿ ಸಂಡಿಗೆಯ ಮೂರು ಪೊಟ್ಟಣಗಳಿದ್ದವು. ಒಂದೊಂದರ ಮೇಲೂ ಎಷ್ಟು ದಿನ ಒಣಗಿದ್ದೆಂಬ ಚೀಟಿ. ಜೊತೆಗೆ ನಾಲ್ಕು ಕವಡೆ, ಒಂದು ಖಾಲಿ ನೋಟ್‌ಬುಕ್. ಪಿಜಿಯ ಕಿಟಕಿಯಿಂದ ಕಾಣುವ ಮರ ಹೊಂಗೆ ಎಂದು ಮಾರನೆಯ ದಿನವೇ ದೊಡ್ಡಮ್ಮನಿಗೆ ಸಂದೇಶ ಬಂತು.

ಓದುಗರು ತಮ್ಮ ಊರಿನಲ್ಲಿ ನೆರಳು ಅಡಗುವುದನ್ನು ನೋಡಬೇಕೆಂದರೆ ದಿನಗಳು ಹೀಗಿವೆ. ಬೆಂಗಳೂರು, ಮಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ. ಬೆಂಗಳೂರಿನಲ್ಲಿ ಹೊತ್ತು ಸುಮಾರು 12.18, ಇನ್ನೂ ಪಶ್ಚಿಮಕ್ಕಿರುವ ಮಂಗಳೂರಿನಲ್ಲಿ ಸುಮಾರು 12.29. ಹುಬ್ಬಳ್ಳಿ, ಧಾರವಾಡಕ್ಕೆ ಮೇ ಮೊದಲ ವಾರ. ಕಲಬುರಗಿ, ಬೀದರಿಗೆ ಮೇ ಎರಡನೇ ವಾರ. ಬೇಸಿಗೆಯಲ್ಲಿ ತಪ್ಪಿಸಿಕೊಂಡವರಿಗೆ ಆಗಸ್ಟ್‌ನಲ್ಲಿ ಇನ್ನೊಂದು ಅವಕಾಶವಿದೆ. ಆಗ ಬೀದರಿಗೆ ಮೊದಲು, ಚಾಮರಾಜನಗರಕ್ಕೆ ಕೊನೆಗೆ. ಮೋಡ ದಾರಿ ಬಿಡಬೇಕು ಅಷ್ಟೆ. ಬೇಕಾಗುವುದು ನೇರ ಮೈಯ ಒಂದು ಡಬ್ಬಿ, ಒಂದು ಗೋಲಿ, ತಲೆಗೊಂದು ಟೋಪಿ. ಸೂರ್ಯನ ಕಡೆ ಕಣ್ಣೆತ್ತಿ ನೋಡಬೇಡಿ, ನೆರಳನ್ನಷ್ಟೇ ನೋಡಿ.